ಕೆಳಗಿಟ್ಟ ಎಲೆಗಳು

ಬಿಸಿಲು ಕೀಬೋರ್ಡಿನ ಮೇಲೆ ಒಂದು ಗುಂಡಿಯಿಂದ ಪಕ್ಕದ ಗುಂಡಿಗೆ ಸರಿದಿದೆ, ಸರಿಯುವಾಗ ಅದರ ಮೇಲೊಂದು ಹಕ್ಕಿಯ ನೆರಳು ಹಾದು ಹೋಯಿತು, ಗ್ರ್ಯಾಕಲ್ ಇರಬೇಕು, ಈ ಹೊತ್ತಿಗೆ ಆ ಕಪ್ಪು ಹಕ್ಕಿಗಳೆಲ್ಲ ದಿನಸಿ ಅಂಗಡಿಯ ಪಾರ್ಕಿಂಗ್ ಲಾಟಿನ ತಂತಿಗಳ ಕಡೆ ಹೊರಡುತ್ತವೆ, ಸಾವಿರಗಟ್ಟಲೆ, ತಂತಿಯೇ ಕಾಣದಷ್ಟು — ಬೆಳಿಗ್ಗೆ ಹತ್ತೂವರೆಗೆ ಈ ಪರದೆಯ ಮೇಲೆ ಪೋಕರ್ ಆಡಲು ಬಂದು ಕೂತವರೂ ಹಾಗೆಯೇ ಇದ್ದರು, ಮೂರು ಸಾವಿರದ ನಾನೂರ ಹನ್ನೆರಡು ಮಂದಿ, ಈಗ ಐದೂವರೆ, ಉಳಿದವರು ನಲವತ್ತೊಂದು, ಆ ನಲವತ್ತೊಂದರಲ್ಲಿ ಡಲ್ಲಾಸಿನ ಪಕ್ಕದ ಕ್ಯಾರಲ್ಟನ್ನಿನ ಈ ಮಹಡಿ ಕೋಣೆಯ ದಾಕ್ಷಾಯಣಿಯೂ ಒಬ್ಬಳು, ಅರವತ್ತೊಂದು ವರ್ಷ, ನಿವೃತ್ತ ಅರಿವಳಿಕೆ ತಜ್ಞೆ, ಪರದೆಯ ಮೇಲಿನ ಹೆಸರು ಕಮಲವ್ವ ನಲವತ್ತೊಂಬತ್ತು, ಆ ಹೆಸರು ನೋಡಿ ಯಾವ ದೇಶದವನೋ ಒಬ್ಬ ಆಗಲೇ ನೈಸ್ ಹ್ಯಾಂಡ್ ಕಮಲ್ ಬ್ರೋ ಎಂದು ಬರೆದಿದ್ದ, ಹುಬ್ಬಳ್ಳಿಯ ಸೋದರತ್ತೆ ಕಮಲವ್ವ ಈ ವಯಸ್ಸಿನಲ್ಲಿ ಬ್ರೋ ಆದಳಲ್ಲ ಎಂದು ದಾಕ್ಷಾಯಣಿಗೆ ಒಳಗೊಳಗೇ ಕಚಗುಳಿ. ಟಿಂ, ನಿನ್ನ ಸರದಿ ಎನ್ನುವ ಸದ್ದು, ಅವಳು ತನ್ನ ಎರಡು ಎಲೆ ನೋಡುತ್ತಾಳೆ, ಕಳಾವರ ಒಂಬತ್ತು, ಆಟೀನು ಎರಡು, ಕೆಲಸಕ್ಕೆ ಬಾರದವು, ಕೆಳಗಿಡುತ್ತಾಳೆ, ಫೋಲ್ಡ್ ಎಂಬ ಗುಂಡಿ ಒತ್ತಿದರೆ ಎಲೆಗಳು ಬೆನ್ನು ಮೇಲಾಗಿ ಜಾರಿ ಹೋಗುತ್ತವೆ, ಅಷ್ಟೇ, ಕೈಗೆ ಏನೂ ಅಂಟುವುದಿಲ್ಲ. ಆ ಟಿಂ ಮಾತ್ರ ಅವಳ ಹಳೆಯ ಪರಿಚಯದ್ದು, ಮೂವತ್ತು ವರ್ಷದ ಕಸುಬಿನಲ್ಲಿ ಕೊನೆಯ ಇಪ್ಪತ್ತೈದು ವರ್ಷ ಇಂಥದೇ ಒಂದು ಸದ್ದನ್ನು ಕಿವಿಯ ಹಿಂದೆ ಇಟ್ಟುಕೊಂಡು ಬದುಕಿದವಳು ಅವಳು, ರೋಗಿಯ ಬೆರಳಿಗೆ ಹಾಕಿದ ಕ್ಲಿಪ್ಪು ನಾಡಿ ಮಿಡಿದಾಗಲೆಲ್ಲ ಟಿಂ ಎನ್ನುತ್ತಿತ್ತು, ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ಸದ್ದಿನ ಸ್ಥಾಯಿಯೂ ಇಳಿಯುತ್ತಿತ್ತು, ಸರ್ಜನ್ನರು ಹವಾಮಾನದ ಬಗ್ಗೆ, ಮಕ್ಕಳ ಕಾಲೇಜಿನ ಬಗ್ಗೆ ಮಾತಾಡುತ್ತಿರುವಾಗ ಅವಳೊಬ್ಬಳು ಆ ಅರ್ಧ ಸ್ವರದ ಇಳಿತವನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಂಡು ಕೈ ಚಾಚುತ್ತಿದ್ದಳು, ನಾಬು ಎಲ್ಲಿದೆಯೆಂದು ನೋಡುವ ಅಗತ್ಯವೇ ಇರಲಿಲ್ಲ, ಕೈಗೆ ಗೊತ್ತಿತ್ತು. ಯಾರೂ ಸಾಯದೆ ಹೋದ ದಿನ ಒಳ್ಳೆಯ ದಿನ. ಮೂವತ್ತು ವರ್ಷ ಅದೊಂದೇ ಅಳತೆ.

ಕೆಳಗೆ ಬೆಲ್ಲು, ಮಕ್ಕಳ ಕೀಚಲು ದನಿ, ಇವತ್ತು ಹ್ಯಾಲೊವೀನ್, ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಕೇಳಲು ಕತ್ತಲಾಗುವ ಮೊದಲೇ ಬೀದಿಗಿಳಿದಿದ್ದಾರೆ, ಗಂಡ ಹಾಲಪ್ಪ ಬಾಗಿಲು ತೆಗೆಯುವುದು ಕೇಳುತ್ತದೆ, ಓಹೋ ವೆರಿ ಸ್ಕೇರಿ ವೆರಿ ಸ್ಕೇರಿ, ಆಮೇಲೆ ಮಹಡಿಗೆ ಕೇಳುವ ಹಾಗೆ ಕೂಗು, ಏ, ಒಂದ ಹುಲಿ ಬಂದಿತ್ತ, ಕ್ಯಾಡ್ಬರಿ ಕೊಟ್ ಕಳಿಸಿನಿ, ಎಷ್ಟ ಮಂದಿ ಉಳದಾರ? ನಲವತ್ತ್ರಿ, ಎಂದು ಇವಳೂ ಕೂಗುತ್ತಾಳೆ, ಅವನು ಮೆಟ್ಟಿಲ ಕಂಬಿಗೆ ಕೈಯಿಟ್ಟು ನಿಂತು ಒಂಬತ್ತಕ್ಕೆ ಇನ್ನು ಎಷ್ಟು ಎಂದು ಕಳೆಯುತ್ತಿರುವುದು ಅವಳಿಗೆ ಕಂಡಂತೆಯೇ. ಒಂಬತ್ತು. ಹೋದ ದೀಪಾವಳಿಯ ಮರುದಿನ ಹೋಳಿಗೆಯ ಮೇಲೆ ತುಪ್ಪ ಹಾಕಿಕೊಳ್ಳದೆ ತಿನ್ನುತ್ತ ಅವನು ಆ ಸಂಖ್ಯೆ ಹೇಳಿದ, ಆಗ ಅವನ ಎದೆಯಲ್ಲಿ ಎರಡು ಸ್ಟೆಂಟುಗಳು ಹೊಸತು, ಅಂಗಡಿಯಿಂದ ಬರುವಾಗ ತಳ್ಳುಗಾಡಿಯನ್ನು ಹಿಡಿದೇ ಕುಸಿದು ಕೂತಿದ್ದನಂತೆ, ಮೇಲೆ ಆ ಹಕ್ಕಿಗಳ ಗಲಾಟೆಯಲ್ಲಿ ಯಾರಿಗೂ ಕೂಗು ಕೇಳಲಿಲ್ಲವಂತೆ, ಟೆಕ್ಸಸ್ಸಿನ ರಸ್ತೆಗಳ ಇಳಿಜಾರು ಅಳೆಯುತ್ತ ನಿವೃತ್ತನಾದ ಇಂಜಿನಿಯರು, ಅಂದಿನಿಂದ ಎಲ್ಲವನ್ನೂ ಆಸ್ಪತ್ರೆಗೆ ಎಷ್ಟು ಮೈಲಿ ಎಂದು ಅಳೆಯಲು ಶುರುಮಾಡಿದ. ಇಲ್ಲೇನೈತಿ ನಮಗ, ಅನಿಕಾ ಹ್ಯೂಸ್ಟನ್ನಿನಾಗ ಕೆಳಗಿನ ಖೋಲಿ ತಯಾರ ಮಾಡ್ಯಾಳ, ಹೋಗಿಬಿಡೂಣು, ಈ ಮನಿ ಮಾರಿ. ಆ ಖೋಲಿಯನ್ನು ದಾಕ್ಷಾಯಣಿಯೂ ನೋಡಿದ್ದಳು, ಐದು ತಾಸು ಡ್ರೈವ್ ಮಾಡಿಕೊಂಡು ಹೋಗಿ, ಕೆನೆ ಬಣ್ಣದ ಕಾರ್ಪೆಟ್, ಅಗಲ ಬಾಗಿಲು, ಬಚ್ಚಲಲ್ಲಿ ಮೂರು ಕಡೆ ಸ್ಟೀಲಿನ ಹಿಡಿಕೆ, ಮಂಚದ ಪಕ್ಕ ಒತ್ತಿದರೆ ಮೇಲಿನ ಮಹಡಿಯಲ್ಲಿ ಬಾರಿಸುವ ಬಿಳಿ ಗುಂಡಿ, ಅಮ್ಮಾ ಇಟ್ಸ್ ಜಸ್ಟ್ ಪ್ರಾಕ್ಟಿಕಲ್ ಎಂದು ಮಗಳು, ಅಜ್ಜಿ ಇಟ್ಸ್ ಲೈಕ್ ಅ ಹೋಟೆಲ್ ಎಂದು ಮೊಮ್ಮಗಳು ರಿಯಾ ಆ ಮಂಚದ ಮೇಲೆ ಕುಣಿಯುತ್ತ, ಎಲ್ಲ ಪ್ರೀತಿಯಿಂದಲೇ ಮಾಡಿದ್ದು, ಅದೇ ಕಷ್ಟ — ಮನುಷ್ಯ ರೋಗಿಯಾಗುವುದು ಹೇಗೆಂದು ಅವಳಷ್ಟು ಹತ್ತಿರದಿಂದ ನೋಡಿದವರು ಕಡಿಮೆ, ಬಟ್ಟೆ ತೆಗೆದಿರಿಸುತ್ತಾರೆ, ಹಿಂದೆ ದಾರ ಕಟ್ಟುವ ಅಂಗಿ ಕೊಡುತ್ತಾರೆ, ಮಣಿಕಟ್ಟಿಗೆ ಪಟ್ಟಿ, ಆಮೇಲೆ ಅವನು ಬ್ಯಾಂಕ್ ಮ್ಯಾನೇಜರೋ ಹಾಡುಗಾರನೋ ಆಗಿರುವುದಿಲ್ಲ, ಎರಡನೇ ಕೋಣೆಯ ಪಿತ್ತಕೋಶ ಆಗಿರುತ್ತಾನೆ. ನಾ ಒಲ್ಲೆ, ಎಂದಳು. ಅವನು ಬಾ ಎಂದ. ಹಾಗಾದರೆ ಅವರ ಮನೆಯ ಪದ್ಧತಿ. ಮದುವೆಯಾದ ವರ್ಷದಿಂದಲೂ ಇಬ್ಬರಲ್ಲಿ ಯಾರೂ ವಾದದಲ್ಲಿ ಸೋಲುವವರಲ್ಲವಾದ್ದರಿಂದ ದೊಡ್ಡ ತೀರ್ಮಾನಗಳೆಲ್ಲ ಇಸ್ಪೀಟಿನ ಬಾಜಿಯ ಮೇಲೆ, ಶಿಕಾಗೋವೋ ಡಲ್ಲಾಸೋ ಎಂಬುದು ಒಂದು ಆಟ, ಮಗಳ ಹೆಸರು ಒಂದು ಆಟ, ಮೂವತ್ತೈದು ವರ್ಷದಲ್ಲಿ ಸೋತವರು ಒಮ್ಮೆಯೂ ಮಾತು ತಪ್ಪಿಲ್ಲ, ಮುಖ ಊದಿಸಿಕೊಂಡಿದ್ದಾರೆ, ತಪ್ಪಿಲ್ಲ. ನೀ ಹೆಂಗೂ ಭಾನುವಾರಕ್ಕೊಮ್ಮೆ ಆ ಕಂಪ್ಯೂಟರ್ ಮುಂದ ಕುಂದರತಿ, ಎಂದ ಹಾಲಪ್ಪ, ಒಂದ ವರ್ಷ, ಮುಂದಿನ ದೀಪಾವಳಿ ಒಳಗ ಆ ದೊಡ್ಡ ಆಟದಾಗ ಒಂದೇ ಒಂದ ಸಲ ಕಡೇ ಟೇಬಲ್ಲಿಗೆ ಬಂದ್ ತೋರಸು, ಒಂಬತ್ತ ಮಂದ್ಯಾಗ ಒಬ್ಬಾಕಿ ಆಗು, ಮನಿ ಮಾರೂದಿಲ್ಲ, ಆಗಲಿಲ್ಲ ಅಂದ್ರ ಹ್ಯೂಸ್ಟನ್. ಆತ್ರಿ, ಎಂದಳು, ಹೋಳಿಗೆ ಮುರಿದು. ಬರುವ ಶುಕ್ರವಾರ ದೀಪಾವಳಿ. ಇದು ಕೊನೆಯ ಭಾನುವಾರ.

ಟಿಂ, ಇಸ್ಪೀಟು ಗುಲಾಮ, ಕಳಾವರ ನಾಕು, ಇಲ್ಲ, ಕೆಳಗಿಡು, ಮೂವತ್ತನಾಲ್ಕು ಮಂದಿ — ಬಾಜಿ ಕಟ್ಟಿದಾಗ ತಾನು ಎಂಥ ಆಟಗಾತಿಯಾಗಿದ್ದೆ ಎಂಬುದು ಹಾಲಪ್ಪನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಅವನು ಬಾಜಿಯನ್ನೇ ಕಟ್ಟುತ್ತಿರಲಿಲ್ಲವೇನೋ, ಅಥವಾ ಗೊತ್ತಿದ್ದೇ ಕಟ್ಟಿದನೋ. ನೂರು ಟೂರ್ನಮೆಂಟ್, ನೂರೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು, ದಿನಾಂಕ, ಎಷ್ಟನೆಯವಳಾಗಿ ಹೊರಬಿದ್ದೆ, ಯಾವ ಎಲೆಯ ಮೇಲೆ, ಎದುರಾಳಿಯ ಎಲೆ ಯಾವುದು, ನೀಲಿ ಶಾಯಿ, ಅಡಿಗೆರೆ ಕೆಂಪು. ಮೂರು ಸಾವಿರ ಮಂದಿ ಆಡುವ ಕಡೆ ಮೊದಲ ನಾನೂರು ಮಂದಿಗೆ ಏನೋ ಒಂದಿಷ್ಟು ಕೊಡುತ್ತಾರೆ, ನಿಜವಾದ ಬಹುಮಾನವೆಲ್ಲ ಕೊನೆಯ ಒಂಬತ್ತು ಮಂದಿಗೆ, ಅವಳು ಆ ನಾನೂರರ ಗೆರೆಯನ್ನು ಎಷ್ಟೋ ಸಲ ದಾಟಿದ್ದಳು, ಆದರೆ ದಾಟಿದ ಮೇಲೆ ಒಮ್ಮೆಯೂ ನೂರರ ಒಳಗೆ ಹೋದವಳಲ್ಲ, ದಾಟುವಷ್ಟರಲ್ಲಿ ಅವಳ ಬಳಿ ಪಣದ ಬಿಲ್ಲೆಗಳು, ಆ ಚಿಪ್ಸೇ, ಉಳಿದಿರುತ್ತಿರಲಿಲ್ಲ, ಯಾಕೆಂದರೆ ಎಲೆ ನೋಡುವ ಮೊದಲೇ ಸರದಿಯಂತೆ ಎಲ್ಲರೂ ಕಡ್ಡಾಯವಾಗಿ ಇಡಬೇಕಾದ ಚಿಪ್ಸು ಹೊತ್ತು ಹೋದಂತೆ ದೊಡ್ಡದಾಗುತ್ತದೆ, ಸುಮ್ಮನೆ ಕೂತವನನ್ನು ಅದೇ ತಿಂದುಹಾಕುತ್ತದೆ, ಒಂದೇ ಸಲ ಅಲ್ಲ, ಹನಿಹನಿಯಾಗಿ, ನಿಧಾನದ ರಕ್ತಸ್ರಾವದ ಹಾಗೆ. ಈ ವರ್ಷ ಆಸ್ಟಿನ್ನಿನಲ್ಲಿ ಕನ್ನಡ ಸಂಘದ ಯುಗಾದಿ ಊಟ, ಬಿಸಿಬೇಳೆಬಾತಿನ ಸಾಲು, ಹಿಂದೆ ನಿಂತ ಇಬ್ಬರು ವಿದ್ಯಾರ್ಥಿಗಳು ಪೋಕರ್ ಮಾತಾಡುತ್ತಿದ್ದರು, ಒಬ್ಬ ಹೇಳಿದ ಲೆಕ್ಕ ತಪ್ಪಿತ್ತು, ತಡೆಯಲಾರದೆ ತಿರುಗಿ ತಿದ್ದಿದಳು, ತಟ್ಟೆ ಹಿಡಿದ ಹುಡುಗ ಬಾಯಿ ತೆರೆದುಕೊಂಡು, ಆಂಟಿ, ನೀವು ಆಡ್ತೀರಾ? ಹಾಗೆ ಸಿಕ್ಕವನು ಉಲ್ಲಾಸ್, ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದವನು, ಅಂದಿನಿಂದ ಶನಿವಾರ ಬೆಳಿಗ್ಗೆ ಅವನ ಫೋನು, ಅವಳು ನೋಟ್‌ಬುಕ್ ಓದುವುದು, ಅವನು ಕಾರ್ನ್‌ಫ್ಲೇಕ್ಸ್ ಅಗಿಯುತ್ತ ಕೇಳುವುದು. ಆಂಟಿ, ಬೇಜಾರ್ ಮಾಡ್ಕೋಬೇಡಿ, ನೀವು ಸಾಯ್ಬಾರ್ದು ಅಂತ ಆಡ್ತಿದೀರ, ಗೆಲ್ಬೇಕು ಅಂತಲ್ಲ. ಅದ ನನ್ನ ಕಸುಬಪ್ಪಾ ಮೂವತ್ತ ವರ್ಷ. ಸರಿ ಆಂಟಿ, ಪೇಷೆಂಟ್ ಏನೋ ಉಳ್ಕೊಂಡ, ಆದ್ರೆ ಆಪರೇಷನ್ನೇ ಆಗ್ಲಿಲ್ವಲ್ಲ! ಅವನು ತಮಾಷೆಗೆ ಅಂದದ್ದು, ಫೋನಿಟ್ಟ ಮೇಲೆ ಅವಳು ನೋಟ್‌ಬುಕ್ಕನ್ನು ಮತ್ತೆ ಮೊದಲ ಪುಟದಿಂದ ತೆರೆದಳು. ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಒಂದು ಸಭೆ, ಸತ್ತವರ ಕಡತಗಳನ್ನು ತೆರೆದು ಎಲ್ಲಿ ತಪ್ಪಿದೆವು ಎಂದು ಚರ್ಚೆ, ಆದರೆ ಅವಳು ಬಾಗಿಲಿನಿಂದಲೇ ವಾಪಸು ಕಳಿಸಿದವರ ಕಡತ ಆ ಸಭೆಗೆ ಬಂದದ್ದೇ ಇಲ್ಲ, ಈ ಎದೆಗೆ ಅರಿವಳಿಕೆ ತಡೆಯದು, ಇವತ್ತು ಬೇಡ, ಎಂದು ಸಹಿ ಮಾಡಿ ಕಳಿಸಿದವರು, ಚಪ್ಪಲಿ ಹುಡುಕಿಕೊಂಡು ಹೋದವರು, ಆ ಸೊಂಟ ಮುರಿದ ಮೆಕ್ಸಿಕನ್ ಅಜ್ಜಿ, ಹಳದಿ ಕರವಸ್ತ್ರ, ಗ್ರಾಸಿಯಾಸ್ ದೊಕ್ತೋರಾ ಎಂದು ಕೈ ಹಿಡಿದು ಹೋದವಳು, ಹೋಗಿ ಎಷ್ಟು ವರ್ಷ ಹಾಸಿಗೆಯಲ್ಲಿ ಮಲಗಿದಳು, ನಡೆದಳೇ ಇಲ್ಲವೇ, ಅದು ಯಾವ ಲೆಕ್ಕದಲ್ಲೂ ಬರೆಯಲ್ಪಡಲಿಲ್ಲ, ಅವಳ ಕೈಯಲ್ಲಿ ಸತ್ತಿಲ್ಲ, ಅಷ್ಟೇ. ನೋಟ್‌ಬುಕ್ಕೂ ಹಾಗೆಯೇ ಅಲ್ಲವೆ, ನೂರು ಪುಟ, ನೂರೂ ತಾನು ಸತ್ತ ಕತೆ, ಕೆಳಗಿಟ್ಟ ಎಲೆಗಳ ಬಗ್ಗೆ ಒಂದು ಸಾಲಿಲ್ಲ, ತಪ್ಪು ಇದ್ದದ್ದೆಲ್ಲ ಅಲ್ಲಿಯೇ. ಮರುದಿನ ಹೊಸ ನೋಟ್‌ಬುಕ್ ತಂದಳು, ಹಸಿರು ರಟ್ಟು, ಅದರಲ್ಲಿ ಬರೀ ಕೈಬಿಟ್ಟ ಎಲೆಗಳು, ಯಾವಾಗ, ಎಲ್ಲಿ ಕೂತಿದ್ದೆ, ಎದುರಿಗೆ ಯಾರು, ಯಾಕೆ ಬಿಟ್ಟೆ, ಆ ಯಾಕೆ ಎಂಬ ಕಡೆ ಪ್ರಾಮಾಣಿಕವಾಗಿ ಒಂದು ಪದ, ಬಹಳ ಸಲ ಅದು ಹೆದರಿಕೆ, ಹೆದರಿಕೆ, ಹೆದರಿಕೆ, ಲ್ಯಾಬಿನ ದಾಖಲೆಯ ಹಾಗೆ ಒಂದರ ಕೆಳಗೊಂದು. ನಾಲ್ಕು ತಿಂಗಳಲ್ಲಿ ಆ ಪದ ವಿರಳವಾಯಿತು. ಬೇಗ ಸೋತು ಹೊರಬೀಳುವ ಭಾನುವಾರಗಳು ಹೆಚ್ಚಾದವು, ಹನ್ನೊಂದಕ್ಕೇ ಕೆಳಗಿಳಿದು ಬಂದರೆ ಹಾಲಪ್ಪ, ಯಾಕ, ಇವತ್ತ ಅಂಗಡಿ ಲಗೂನ ಬಂದ್ ಆತ? ಎಂದು ಕಾಡುತ್ತಿದ್ದ, ಆದರೆ ಉಳಿದ ಭಾನುವಾರಗಳಲ್ಲಿ ತೊಂಬತ್ತನೆಯವಳು, ಅರವತ್ತೆರಡನೆಯವಳು, ಆಗಸ್ಟಿನಲ್ಲಿ ಒಮ್ಮೆ ಇಪ್ಪತ್ತೇಳನೆಯವಳು, ಅಂದು ಉಲ್ಲಾಸ್ ಫೋನಿನಲ್ಲೇ ಶಿಳ್ಳೆ ಹಾಕಿದ.

ಬಿಸಿಲು ಕೀಬೋರ್ಡು ಬಿಟ್ಟು ಗೋಡೆಗೆ ಹೋಗಿದೆ, ಜೇನಿನ ಬಣ್ಣ, ಪಕ್ಕದ ಮನೆಯವರು ಹಿತ್ತಲಲ್ಲಿ ಮಾಂಸ ಸುಡುವ ಹೊಗೆ, ಮತ್ತೆ ಬೆಲ್ಲು, ಏ ಇಬ್ಬರು ದೇವದೂತರು, ಒಂದ ಅಸ್ಥಿಪಂಜರ, ಪಂಜರಕ್ಕ ಎರಡ ಕೊಟ್ಟೆ, ಭಾಳ ಸೊರಗಿತ್ತ — ಹದಿನೆಂಟು ಮಂದಿ, ಎರಡು ಟೇಬಲ್ಲು, ಅವಳ ಬಳಿ ಚಿಪ್ಸು ಕಡಿಮೆ, ಬಲಗಡೆ ನಾರ್ವೆಯ ಬಾವುಟದವನು, ಪ್ರತಿ ಸಲ ಪಣ ಏರಿಸುತ್ತಾನೆ, ಉಳಿದವರೆಲ್ಲ ಒಂಬತ್ತರ ಕನಸು ಕಾಣುತ್ತ ಮುದುಡಿ ಕೂತಿದ್ದಾರೆ, ಒಂದು ವರ್ಷದ ಹಿಂದಿನ ದಾಕ್ಷಾಯಣಿಯರು, ಏಳು ಮಂದಿ ದಾಕ್ಷಾಯಣಿಯರು ಒಂದೇ ಟೇಬಲ್ಲಿನಲ್ಲಿ, ಅವಳಿಗೆ ಅವರ ಎದೆಬಡಿತ ಕೇಳುತ್ತದೆ. ಟಿಂ. ಡೈಮಂಡು ಏಳು, ಡೈಮಂಡು ಆರು. ಸಣ್ಣ ಎಲೆ, ಆದರೆ ನಾರ್ವೆಯವನು ಈ ಸಲ ಎಲೆ ಕೆಳಗಿಟ್ಟಿದ್ದಾನೆ, ಎದುರಿಗಿರುವವರು ಹೆದರಿದವರು, ಎಲೆ ನೋಡಬೇಡ, ಅವರ ಹೆದರಿಕೆ ನೋಡು, ಇದ್ದ ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳುತ್ತಾಳೆ, ಆಲ್ ಇನ್, ಒಬ್ಬ ಬಿಟ್ಟ, ಇನ್ನೊಬ್ಬ ಯೋಚಿಸುತ್ತಾನೆ, ಯೋಚಿಸುತ್ತಾನೆ, ಬಿಟ್ಟ, ಮೂರನೆಯವನೂ ಬಿಟ್ಟ, ಎಲೆ ತೋರಿಸದೆಯೇ ಮಧ್ಯದ ಚಿಪ್ಸೆಲ್ಲ ಅವಳ ಕಡೆ ಜಾರಿ ಬಂದವು, ಹುಬ್ಬಳ್ಳಿಯ ಪಡಸಾಲೆ, ದೀಪಾವಳಿಯ ಮಧ್ಯಾಹ್ನ, ಹೆಂಗಸರು ಮೂರೆಲೆ ಆಡುತ್ತಿದ್ದಾರೆ, ಪಣಕ್ಕೆ ಹುಣಸೆಬೀಜ, ಕಮಲವ್ವ ತನ್ನ ಮೂರು ಎಲೆಗಳನ್ನು ನೋಡದೆಯೇ ತೊಡೆಯ ಕೆಳಗಿಟ್ಟುಕೊಂಡು ಬೀಜದ ಮೇಲೆ ಬೀಜ ಹಾಕುತ್ತಾಳೆ, ನೋಡವಾ ಅತ್ತಿ, ಒಮ್ಮೆರ ನೋಡ, ಎಂದು ಎಂಟು ವರ್ಷದ ಇವಳು ಸೆರಗು ಜಗ್ಗುತ್ತಾಳೆ, ನಾ ಎಲಿ ಯಾಕ ನೋಡ್ಲೆ ಹುಚ್ಚಿ, ಅವರ ಮಾರಿ ನೋಡಾಕತ್ತೇನಲ್ಲ, ಹತ್ತೊಂಬತ್ತಕ್ಕೆ ಗಂಡ ಸತ್ತು ತೌರಿಗೆ ಬಂದವಳು, ಹಬ್ಬದ ದಿನ ಒಂದೇ ಒಂದು ಮಧ್ಯಾಹ್ನ ಅವಳ ದನಿ ಆ ಮನೆಯಲ್ಲಿ ಗಟ್ಟಿಯಾಗಿ ಕೇಳುತ್ತಿತ್ತು. ಹದಿನೈದು, ಹದಿಮೂರು. ಹೊಗೆ, ಮಕ್ಕಳ ನಗು, ಗೋಡೆಯ ಬಿಸಿಲು ಕಿತ್ತಳೆಯಾಗಿ ಕೆಂಪಾಗಿ ಬೂದಿಯಾಯಿತು, ದೀಪ ಹಾಕಬೇಕೆನ್ನಿಸಲಿಲ್ಲ, ಪರದೆಯ ಹಸಿರು ಅವಳ ಕೈಗಳ ಮೇಲೆ ಬಿದ್ದು ಕೈಗಳು ನೀರಿನೊಳಗಿನವುಗಳಂತೆ ಕಾಣುತ್ತವೆ, ಹಾಲಪ್ಪ ಚಹಾದ ಕಪ್ಪು ಹಿಡಿದು ಬಂದವನು ಮೇಜಿನ ಮೇಲಿಟ್ಟು, ಹಿಂದೆ ಒಂದು ನಿಮಿಷ ನಿಂತು, ಅವನ ಉಸಿರು, ಏಲಕ್ಕಿ, ಮತ್ತೆ ಮೆಟ್ಟಿಲು, ಒಂದೊಂದೇ ಮೆಟ್ಟಿಲು, ಎಡಗಾಲು ಮೊದಲು. ಹನ್ನೊಂದು. ಆಮೇಲೆ ಅತ್ತ ಟೇಬಲ್ಲಿನಲ್ಲಿ ಒಬ್ಬ ಹೋದ, ಹತ್ತು.

ಹತ್ತು ಮಂದಿ, ಈ ಟೇಬಲ್ಲಿನಲ್ಲಿ ಐದು, ಆ ಟೇಬಲ್ಲಿನಲ್ಲಿ ಐದು, ಇನ್ನೊಬ್ಬ ಹೋದರೆ ಎರಡೂ ಸೇರಿ ಒಂದೇ ಆಗುತ್ತದೆ, ಕಡೇ ಟೇಬಲ್ಲು, ಆ ಟೇಬಲ್ಲಿನಲ್ಲಿ ಬ್ರೆಜಿಲ್ಲಿನ ಒಬ್ಬನ ಬಳಿ ಒಂದು ಸುತ್ತಿಗಾಗುವಷ್ಟೇ ಚಿಪ್ಸು ಉಳಿದಿದೆ, ಕಡ್ಡಾಯ ಚಿಪ್ಸಿನ ಸರದಿ ಅವನ ಹತ್ತಿರ ಬರುತ್ತಿದೆ, ಅವನು ಹೋಗುತ್ತಾನೆ, ಹೋಗಲೇಬೇಕು, ಸುಮ್ಮನೆ ಕೂತರೂ ಒಂಬತ್ತು ತಾನಾಗಿ ಬರುತ್ತದೆ, ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ — ಟಿಂ, ನಾರ್ವೆಯವನು ತನ್ನ ಚಿಪ್ಸಿನ ಗುಡ್ಡವನ್ನೆಲ್ಲ ಮುಂದಕ್ಕೆ ತಳ್ಳಿದ್ದಾನೆ, ಅವನದು ಅವಳದಕ್ಕಿಂತ ಮೂರು ಪಾಲು ದೊಡ್ಡದು, ಮಧ್ಯದ ಇಬ್ಬರು ಬಿಟ್ಟಿದ್ದಾರೆ, ಅವಳ ಮುಂದೆ ಎರಡು ಎಲೆ, ಇಸ್ಪೀಟು ರಾಜ, ಆಟೀನು ರಾಜ. ಎರಡು ರಾಜ. ಎರಡು ಎಕ್ಕ ಬಿಟ್ಟರೆ ಈ ಆಟದಲ್ಲಿ ಕೈಗೆ ಬರಬಹುದಾದ ಎಲೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಬೆಳಿಗ್ಗೆಯಿಂದ ಬಂದಿರಲಿಲ್ಲ. ಪರದೆಯ ಕೆಳಗೆ ಹೊತ್ತಿನ ಪಟ್ಟಿ, ಅರವತ್ತು ಸೆಕೆಂಡು, ಬಲದಿಂದ ಎಡಕ್ಕೆ ಸವೆಯುತ್ತದೆ, ಯೋಚಿಸಲು ಏನಿದೆ, ಆಂಟಿ, ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ, ಕಾಲ್, ನೀವೂ ಎಲ್ಲಾ ಹಾಕ್ಬಿಡಿ, ಎಂದು ಉಲ್ಲಾಸನ ದನಿ, ಕಾರ್ನ್‌ಫ್ಲೇಕ್ಸಿನ ಸದ್ದಿನ ಸಮೇತ, ಇವನು ಯಾವ ಎಲೆಯಲ್ಲಾದರೂ ತಳ್ಳುವವನು, ಎಲ್ಲರ ಹೆದರಿಕೆಯನ್ನು ತಿಂದು ಬೆಳೆದವನು, ನೂರು ಸಲ ಆಡಿದರೆ ಎಪ್ಪತ್ತೆಂಟು ಸಲ ಗೆಲ್ಲುತ್ತೀಯ, ಗೆದ್ದರೆ ಚಿಪ್ಸು ಎರಡರಷ್ಟು, ಆಮೇಲೆ ಕಡೇ ಟೇಬಲ್ಲಿಗೆ ಬದುಕಿಕೊಂಡು ಹೋಗುವವಳಲ್ಲ, ಗೆಲ್ಲಲು ಹೋಗುವವಳು, ಮೊದಲನೆಯವಳೂ ಆಗಬಹುದು, ಮೂರು ಸಾವಿರದ ನಾನೂರ ಹನ್ನೆರಡರಲ್ಲಿ. ಉಳಿದ ಇಪ್ಪತ್ತೆರಡು ಸಲ ಹತ್ತನೆಯವಳು. ಹತ್ತನೆಯವಳೆಂದರೆ ಕೆನೆ ಬಣ್ಣದ ಕಾರ್ಪೆಟ್. ಆದರೆ ಈಗ ಕೈಬಿಟ್ಟರೆ, ಬ್ರೆಜಿಲ್ಲಿನವನು ಹೋಗುವವರೆಗೆ ಕಾದರೆ, ನೂರರಲ್ಲಿ ತೊಂಬತ್ತು ಸಲ, ತೊಂಬತ್ತೈದು ಸಲ ಒಂಬತ್ತರಲ್ಲಿ ಒಬ್ಬಾಕಿ, ಮನೆ ಉಳಿಯುತ್ತದೆ, ಅಡುಗೆಮನೆಯ ಮೂಡಣ ಕಿಟಕಿ, ಗ್ಯಾರೇಜಿನಲ್ಲಿ ಮೂವತ್ತು ವರ್ಷದ ಪತ್ರಿಕೆಗಳು, ಶನಿವಾರದ ಲೈಬ್ರರಿ, ಈ ಮೇಜು, ಈ ಗೋಡೆ, ಹೆಸರು ಹಿಡಿದು ಮಾತಾಡಿಸುವ ಅಂಚೆಯವಳು — ಹಾಗಾದರೆ ಲೆಕ್ಕ ಬೇರೆಯೇ, ಅಲ್ಲವೆ, ಬೆಲೆ ಚಿಪ್ಸಿನದಲ್ಲ, ಪ್ರಯೋಗಕ್ಕೆ ಮೊದಲು ಯಾವುದನ್ನು ಅಳೆಯುತ್ತಿದ್ದೇವೆ ಎಂದು ನಿರ್ಧರಿಸಬೇಕು, ಅವಳಿಗೆ ಬೇಕಾದದ್ದು ಮನೆ, ಮನೆಯನ್ನು ಅಳತೆಯಾಗಿಟ್ಟರೆ ಕೈಬಿಡುವುದೇ ಸರಿ, ಅಂಕಗಣಿತ, ತೊಂಬತ್ತು ಎಪ್ಪತ್ತೆಂಟಕ್ಕಿಂತ ದೊಡ್ಡದು, ಇದರಲ್ಲಿ ಹೆದರಿಕೆ ಎಲ್ಲಿ ಬಂತು, ಮೂವತ್ತೈದು ಸೆಕೆಂಡು, ಬಂತು, ಬಂದಿದೆ, ಈ ಲೆಕ್ಕ ಮಾಡುವ ದನಿಯ ಕೆಳಗೇ ಇದೆ, ಸ್ಥಾಯಿ ಅರ್ಧ ಸ್ವರ ಇಳಿದದ್ದು ಅವಳಿಗೆ ಕೇಳಿಸಿದೆ, ಇಷ್ಟು ತಿಂಗಳಿಂದ ಹಸಿರು ರಟ್ಟಿನೊಳಗೆ ಒಂದೊಂದೇ ಸಾಲಾಗಿ ತೆಗೆದು ಹಾಕಿದ್ದು ಇದನ್ನೇ, ಇವತ್ತು ನ್ಯಾಯವಾದ ಕಾರಣವೊಂದನ್ನು ತೊಟ್ಟುಕೊಂಡು ಮತ್ತೆ ಬಾಗಿಲಿಗೆ ಬಂದಿದೆ, ವೆರಿ ಸ್ಕೇರಿ, ವೆರಿ ಸ್ಕೇರಿ, ಇಪ್ಪತ್ತು ಸೆಕೆಂಡು, ಕಮಲವ್ವ ಇದ್ದಿದ್ದರೆ ಎಲೆ ನೋಡದೆಯೇ ಬೀಜ ಹಾಕಿಬಿಡುತ್ತಿದ್ದಳು, ಆದರೆ ಕಮಲವ್ವನಿಗೆ ಕಳೆದುಕೊಳ್ಳಲು ಏನಿತ್ತು, ಹುಣಸೆಬೀಜ, ಅಥವಾ ಹುಣಸೆಬೀಜವೇ ಎಲ್ಲವೂ ಆಗಿತ್ತೋ, ಹತ್ತು ಸೆಕೆಂಡು, ಕಾಲ್ ಎಂಬ ಗುಂಡಿ ನೀಲಿ, ಅದರ ಪಕ್ಕ ಇನ್ನೊಂದು, ಅವಳು ಇನ್ನೂ ಯೋಚಿಸುತ್ತಿದ್ದಾಳೆ, ನಿಜವಾಗಿ ಇನ್ನೂ ತೀರ್ಮಾನಿಸಿಲ್ಲ, ಅಷ್ಟರಲ್ಲಿ ಬೆರಳು ಹೋಯಿತು, ನೋಡಬೇಕಾದ ಅಗತ್ಯವಿಲ್ಲದ ಆ ಬೆರಳು, ಕೈಗೆ ಗೊತ್ತಿತ್ತು. ಎರಡು ಎಲೆಗಳು ಬೆನ್ನು ತಿರುಗಿಸಿ ಮೇಜಿನ ನಡುವಿನ ಕಡೆ ಜಾರಿದವು. ನಾರ್ವೆಯವನು ಗುಡ್ಡವನ್ನು ಹಿಂದಕ್ಕೆ ಎಳೆದುಕೊಂಡ. ಅವನ ಎಲೆ ಯಾವುದೆಂದು ತೋರಿಸಲಿಲ್ಲ, ತೋರಿಸಬೇಕಾಗಿಯೂ ಇಲ್ಲ.

ಬ್ರೆಜಿಲ್ಲಿನವನು ನಾಲ್ಕನೇ ನಿಮಿಷಕ್ಕೆ ಹೋದ. ಪರದೆ ಒಮ್ಮೆ ಕಪ್ಪಾಗಿ, ದೊಡ್ಡದೊಂದು ಟೇಬಲ್ಲು ತೆರೆದುಕೊಂಡು, ಒಂಬತ್ತು ಕುರ್ಚಿ, ಒಂಬತ್ತು ಹೆಸರು, ಕಮಲವ್ವ ನಲವತ್ತೊಂಬತ್ತು, ಅವಳ ಚಿಪ್ಸು ಎಲ್ಲರಿಗಿಂತ ಕಡಿಮೆ, ಹಾಲಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಕೈಯಲ್ಲಿ ಕ್ಯಾಂಡಿಯ ಬಕೀಟು, ಏದುಸಿರು, ಎಷ್ಟ ಮಂದಿ? ಒಂಬತ್ತ್ರಿ. ಅವರಾಗ ನೀ ಅದಿಯೇನ? ಅದೀನ್ರಿ. ಏನ ಹೇಳ್ತಿ! ಎಂದು ಬಕೀಟು ಮಂಚದ ಮೇಲಿಟ್ಟು ಅವನೂ ಅದರ ಪಕ್ಕ ಕೂತ, ತೊಡೆ ತಟ್ಟಿಕೊಂಡ, ಗೆದ್ದಿ ಬಿಡ ಡಾಕ್ಟ್ರ, ಗೆದ್ದಿ, ಕಡೇ ಭಾನುವಾರಕ್ಕ ಸರಿಯಾಗಿ, ನಾ ಸೋತೆ, ಅವನ ಮುಖದಲ್ಲಿ ಸೋತವರ ಊತವಿಲ್ಲ, ಅವಳು ಕಾಯುತ್ತಾಳೆ, ಬರುವುದಿಲ್ಲ, ಅವನು ಒಂದು ಚಾಕೊಲೇಟಿನ ಕಾಗದ ಬಿಚ್ಚುತ್ತ, ಈಗ ಹೇಳಿದ್ರ ನಡೀತೈತಿ, ನಾ ಅನಿಕಾಗ ಜುಲೈನಾಗ ಹೇಳಿಬಿಟ್ಟೇನಿ, ನಾವು ಬರೂದಿಲ್ಲವಾ, ಆ ಖೋಲಿ ರಿಯಾಗ ಕೊಟ್ಟುಬಿಡು ಅಂತ. ಏನ್ ಹೇಳಿದ್ರಿ? ಜುಲೈನಾಗ. ಒಂದ ಭಾನುವಾರ ನೀ ಇಲ್ಲಿ ಮ್ಯಾಲ ಒಬ್ಬಾಕಿನ ನಗಾಕತ್ತಿದ್ದಿ, ಗೆದ್ದಿರಬೇಕು ಅಂತ ಮೆಟ್ಟಲ ಹತ್ತಿ ಬಂದು ನೋಡಿದ್ರ ಸೋತ ಕುಂತಿ, ಸೋತ ನಗಾಕತ್ತಿದ್ದಿ, ರಿಟೈರ್ ಆದ ಮ್ಯಾಲ ನಿನ್ನ ನಗೀನ ಕೇಳಿದ್ದಿಲ್ಲ ನಾ, ಹಂಗ ಕೆಳಗಿಳದು ಹೋಗಿ ಫೋನ್ ಮಾಡಿದೆ, ಇನ್ನ ನನ್ನ ಎದಿ, ಅದೇನ ಎಲ್ಲಿದ್ದರೂ ಅಷ್ಟ, ಇಲ್ಲೂ ದವಾಖಾನಿ ಅದಾವು. ಮತ್ತ ನನಗ್ಯಾಕ ಹೇಳಲಿಲ್ರಿ? ಹೇಳಿದ್ರ ಆಟ ಸಪ್ಪ ಆಗತಿತ್ತಲ್ಲ, ಬಾಜಿ ಇದ್ರ ಆಟ, ಎಂದು ಚಾಕೊಲೇಟನ್ನು ಬಾಯಿಗಿಟ್ಟುಕೊಂಡ, ನೋಡ, ಇದರಾಗ ಒಂದ ತಿಂದ್ರ ಏನಾಗೂದಿಲ್ಲ, ಯಾಕ, ಯಾಕ ಹಂಗ ಕುಂತಿ, ಕಡೇ ತನಕ ಹೆಂಗ ಬಂದಿ ಹೇಳ ಮತ್ತ. ಅವಳು ಎಲ್ಲಿಂದ ಹೇಳುವುದು, ಜುಲೈ, ಆಗಸ್ಟ್, ಸೆಪ್ಟೆಂಬರ್, ಇವತ್ತಿನ ಆ ಅರವತ್ತು ಸೆಕೆಂಡು, ಮನೆ ಆಗಲೇ ಅವಳದಾಗಿತ್ತು, ಪಣದಲ್ಲಿ ಮನೆ ಇರಲೇ ಇಲ್ಲ, ಮೇಜಿನ ಮೇಲೆ ಇದ್ದದ್ದು ಎಲೆ ಮಾತ್ರ, ಬರೀ ಎಲೆ, ನಾರ್ವೆಯವನ ಕೈಯಲ್ಲಿ ಏನಿತ್ತೋ, ಹತ್ತು ಮತ್ತು ಮೂರು ಇತ್ತೋ, ಎಕ್ಕ ಇತ್ತೋ, ನಡುವೆ ಎಲ್ಲರಿಗೂ ತೆರೆಯುವ ಐದು ಎಲೆಗಳಲ್ಲಿ ಕೊನೆಯದು ಯಾವುದು ಬೀಳುತ್ತಿತ್ತೋ, ಎಲ್ಲೂ ಇಲ್ಲ ಅದು, ಯಾವ ದಾಖಲೆಯಲ್ಲೂ ಇಲ್ಲ, ಟಿಂ, ಹೊಸ ಟೇಬಲ್ಲು, ಹೊಸ ಎರಡು ಎಲೆ ಅವಳ ಮುಂದೆ ಬಂದು ಬಿದ್ದಿವೆ, ಹೊತ್ತಿನ ಪಟ್ಟಿ ಸವೆಯುತ್ತಿದೆ, ಆಡ, ಆಡ, ಎನ್ನುತ್ತಾನೆ ಹಾಲಪ್ಪ, ಅವು ಯಾವ ಎಲೆಯೋ, ಅವಳಿಗೆ ಕಾಣುತ್ತಿರುವುದು ಬೇರೆ, ಇಬ್ಬರು ರಾಜರು, ಒಬ್ಬ ಕಪ್ಪು ಒಬ್ಬ ಕೆಂಪು, ಬೆನ್ನು ಮೇಲಾಗಿ ಜಾರುತ್ತಾರೆ, ಕಣ್ಣು ಮಿಟುಕಿಸುತ್ತಾಳೆ, ಮತ್ತೆ ಜಾರುತ್ತಾರೆ, ಹಸಿರಿನ ಮೇಲೆ ನೀಲಿ ಬೆನ್ನು, ಒಂದರ ಮೂಲೆ ಇನ್ನೊಂದರ ಮೇಲೆ, ಮತ್ತೆ, ಟಿಂ, ಎರಡು ನೀಲಿ ಬೆನ್ನು, ಜಾರುತ್ತ, ನಡುವನ್ನು ಇನ್ನೂ ಮುಟ್ಟದೆ